ಹಲೋ, ಕೇಳಿಸ್ತಾ ಇದೆಯಾ?

ಅಮ್ಮ ಹೋಗಿ ವರ್ಷ ತುಂಬುವ ಹೊತ್ತಿಗೆ ಮನೆಯವರೆಲ್ಲ ಒಂದು ದಿನ ಸೇರುವುದೆಂದು ಮಾತಾಯಿತು. ಅವಳ ಬಗ್ಗೆ ನಾಲ್ಕು ಮಾತು ಬರೆಯುವ ಹೊಣೆಯನ್ನು ಚಿಕ್ಕಪ್ಪ ಯಾರೂ ಕೇಳದೆಯೇ ವಹಿಸಿಕೊಂಡರು. ವಾರದೊಳಗೆ ಒಂದು ಪುಟ ಬಂತು. ಸಹನಾಮೂರ್ತಿ, ಮಿತಭಾಷಿ, ಯಾರ ಮನಸ್ಸನ್ನೂ ನೋಯಿಸದವರು, ತಮಗಾಗಿ ಎಂದೂ ಏನನ್ನೂ ಬಯಸದವರು. ಅಕ್ಕ ಅದನ್ನು ಕೊನೆಯ ಸಾಲಿನವರೆಗೂ ಗಂಭೀರವಾಗಿ ಓದಿ, ಕಾಗದ ಮಡಿಚಿಟ್ಟು, "ಪಾಪ, ಒಳ್ಳೇ ಹೆಂಗಸು. ಯಾರಿವರು?" ಅಂದಳು.

ನಾನೂ ತಮ್ಮನೂ ಉಸಿರು ಸಿಕ್ಕಿಹಾಕಿಕೊಳ್ಳುವಷ್ಟು ನಕ್ಕೆವು. ನಕ್ಕು ಮುಗಿದ ಮೇಲೆ ಮೂವರೂ ಒಟ್ಟಿಗೆ ಒಳಕೋಣೆಯ ಕಡೆ ನೋಡಿದೆವು, ಅಪ್ಪ ಕೇಳಿಸಿಕೊಂಡರೋ ಏನೋ ಅಂತ. ಕೇಳಿಸಿಕೊಂಡಿದ್ದರು. "ಏನು, ನನಗೂ ಹೇಳಿ" ಅಂತ ಎದ್ದೇ ಬಂದರು.

ಚಿಕ್ಕಪ್ಪನ ಮೇಲೆ ನಮಗೆ ಕೋಪವಿಲ್ಲ. ಹೋದವರ ಬಗ್ಗೆ ಬರೆಯಲು ಕೂತರೆ ಪೆನ್ನು ತಾನಾಗಿಯೇ ಆ ಕಡೆ ವಾಲುತ್ತದೆ. ಆದರೆ ಅಮ್ಮ ಮಿತಭಾಷಿಯಾಗಿದ್ದಳು ಅಂತ ಅಷ್ಟು ಜನರ ಎದುರು ಓದುವುದು ಸುಳ್ಳುಸಾಕ್ಷಿ ಹೇಳಿದ ಹಾಗೆ. ಹಾಗಾಗಿ ಅಕ್ಕ ತೀರ್ಮಾನ ಕೊಟ್ಟಳು: ನಾವು ಏನೂ ಹೇಳುವುದು ಬೇಡ, ಅವಳ ದನಿಯನ್ನೇ ಕೇಳಿಸೋಣ. ಫೋನಿನಲ್ಲಿ ವಾಯ್ಸ್ ಮೆಸೇಜುಗಳಿವೆ, ಅಟ್ಟದ ಪೆಟ್ಟಿಗೆಯಲ್ಲಿ ಹಳೇ ಕ್ಯಾಸೆಟ್ಟುಗಳಿವೆ. ಎಲ್ಲ ಒಟ್ಟುಮಾಡಿ ಅರ್ಧ ಗಂಟೆಯದೊಂದು ಆಡಿಯೋ. ಮನೆಯಲ್ಲಿ ಕಂಪ್ಯೂಟರ್ ಮುಂದೆ ಹೆಚ್ಚು ಹೊತ್ತು ಕೂರುವವನು ಅನ್ನುವ ಒಂದೇ ಅರ್ಹತೆಯ ಮೇಲೆ ಕೆಲಸ ನನ್ನ ಪಾಲಿಗೆ ಬಂತು.

ಫೋನು ಅಪ್ಪನ ಹತ್ತಿರವಿತ್ತು. ಅಷ್ಟು ತಿಂಗಳೂ ಅದನ್ನು ತಪ್ಪದೆ ಚಾರ್ಜಿಗೆ ಹಾಕುತ್ತಿದ್ದರು. ಯಾಕೆ ಅಂತ ಕೇಳಿದ್ದಕ್ಕೆ, "ಸ್ವಿಚ್ ಆಫ್ ಆದ್ರೆ ಅವಳಿಗೆ ಆಗ್ತಿರಲಿಲ್ಲಪ್ಪ, ಬೈತಿದ್ಲು" ಅಂದರು. ಇನ್ನೂ ಬೈಸಿಕೊಳ್ಳುವ ಭಯ! ಅವರ ಆ ಭಯದಿಂದ ನಮಗೆ ಆದ ಉಪಕಾರ ಅಷ್ಟಿಷ್ಟಲ್ಲ. ಸಾಮಾನ್ಯವಾಗಿ 120 ದಿನ ಬಳಸದೆ ಬಿಟ್ಟ ಖಾತೆಯನ್ನು ವಾಟ್ಸಾಪ್ ಅಳಿಸಿಹಾಕುತ್ತದೆ. ಫೋನಿನೊಳಗೆ ಉಳಿದ ಫೈಲುಗಳು ಅದರಿಂದ ಹೋಗುವುದಿಲ್ಲ, ನಿಜ. ಆದರೆ ಯಾರೋ ತಿಳಿದವರು ಆ್ಯಪನ್ನೇ ತೆಗೆದುಬಿಟ್ಟರೆ, ಫೋನು 'ಕ್ಲೀನ್' ಮಾಡಿ ಇನ್ಯಾರಿಗೋ ಕೊಟ್ಟರೆ ಮುಗಿಯಿತು. ಸತ್ತವರ ಫೋನಿಗೆ ಇಂಥ ಶುಚಿತ್ವಪ್ರಿಯರೇ ದೊಡ್ಡ ಅಪಾಯ. ಮೊದಲು ಎಲ್ಲವನ್ನೂ ನಕಲು ಮಾಡಿ ಎರಡು ಕಡೆ ಇಡಬೇಕು, ಉಳಿದದ್ದೆಲ್ಲ ಆಮೇಲೆ.

ಹೋದ ಮೇಲೆ ತಮ್ಮ ಖಾತೆ ಯಾರ ಕೈಗೆ ಸೇರಬೇಕು ಅಂತ ಬದುಕಿದ್ದಾಗಲೇ ಹೇಳಿಡುವ ಸೌಲಭ್ಯ ಈಗ ಇದೆ. ಗೂಗಲ್ 2013ರಲ್ಲಿ ತಂದಿತು, ಆ್ಯಪಲ್ 2021ರಲ್ಲಿ. ಅಮ್ಮನ ಏರ್ಪಾಡು ಇವೆರಡಕ್ಕಿಂತ ಸರಳ. ಫೋನಿನ ಹಿಂದಿನ ಕವರು ಬಿಚ್ಚಿದರೆ ಒಂದು ಚೀಟಿ, ಅದರಲ್ಲಿ ಅವಳ ದುಂಡು ಅಕ್ಷರದಲ್ಲಿ ಲಾಕ್ ನಂಬರು. ಕೆಳಗೆ ಇನ್ನೊಂದು ಸಾಲು: "ಯಾರಿಗೂ ಹೇಳಬಾರದು."

ಕಾಂಟ್ಯಾಕ್ಟ್ ಪಟ್ಟಿ ತೆರೆದ ಸಂಜೆ ಕೆಲಸ ಮುಂದೆ ಸಾಗಲೇ ಇಲ್ಲ. ಅಮ್ಮನಿಗೆ ಮನುಷ್ಯರ ಹೆಸರು ಮುಖ್ಯವಲ್ಲ, ಅವರ ಬಗ್ಗೆ ಅವಳ ಅಭಿಪ್ರಾಯ ಮುಖ್ಯ. 'ಟೈಲರ್ ಹೇಳಿದ ದಿನ ಕೊಡುವವನು', 'ಟೈಲರ್ ಬೇಡ'. 'ಡಾಕ್ಟರ್ ಬೈಯದವರು'. 'ಎತ್ತಬೇಡ', 'ಎತ್ತಬೇಡ 2', 'ಎತ್ತಬೇಡ ಬ್ಯಾಂಕ್ ಅಂತಾನೆ'. ನಾನು ಎರಡು ಸಲ ಇದ್ದೆ, 'ನಡುವಿನವನು ಹೊಸದು' ಮತ್ತು 'ನಡುವಿನವನು ಹಳೇದು'. ಹಳೇ ನಂಬರು ಬಿಟ್ಟು ಯಾವ ಕಾಲವಾಯಿತೋ. ಅಕ್ಕನ ಹೆಸರು ಮಾತ್ರ 'ಅ ಅ ಮಗಳು'. ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಬರಲಿ ಅಂತ ಮಾಡಿದ ಉಪಾಯ ಅದು. ಅಕ್ಕ ಅದನ್ನು ನೋಡಿ ಬೀಗಿದ್ದೇ ಬೀಗಿದ್ದು. "ಗ್ಯಾಸ್ ಮುಗಿದ್ರೆ, ಕರೆಂಟ್ ಹೋದ್ರೆ ಮೊದ್ಲು ನಿಂಗೇ ಕಿರಿಕಿರಿ ಮಾಡೋಕೆ ಹಾಗೆ ಇಟ್ಕೊಂಡಿದ್ಲು" ಅಂತ ತಮ್ಮ ಅಂದ ಮೇಲೆ ಸ್ವಲ್ಪ ಇಳಿದಳು.

ವಾಯ್ಸ್ ಮೆಸೇಜುಗಳು ಆಂಡ್ರಾಯ್ಡ್ ಫೋನಿನಲ್ಲಿ ಅವುಗಳದೇ ಒಂದು ಫೋಲ್ಡರಿನಲ್ಲಿ, ವಾರವಾರಕ್ಕೆ ಬೇರೆಬೇರೆಯಾಗಿ ಕೂತಿರುತ್ತವೆ. ಪ್ರತಿ ಫೈಲಿನ ಹೆಸರೂ 'ಪಿಟಿಟಿ' ಅಂತ ಶುರುವಾಗಿ ಆಮೇಲೆ ವರ್ಷ, ತಿಂಗಳು, ದಿನ ಇರುವುದರಿಂದ ಕಾಲಕ್ರಮದಲ್ಲಿ ಜೋಡಿಸುವುದಕ್ಕೆ ಕಷ್ಟವಿಲ್ಲ. ಬಂದವೂ ಕಳಿಸಿದವೂ ಎರಡೂ ಅಲ್ಲೇ ಇರುತ್ತವೆ. ತಮ್ಮನ ಹಳೇ ಫೋನು ನೀರಿಗೆ ಬಿದ್ದು ಅವನ ಬಳಿಯಿದ್ದ ಅಮ್ಮನ ಮೆಸೇಜುಗಳೆಲ್ಲ ಹೋಗಿದ್ದವು. ಅವಳು ಕಳಿಸಿದ ಪ್ರತಿ ಅವಳ ಫೋನಿನಲ್ಲೇ ಇದೆ ಅಂತ ಗೊತ್ತಾದಾಗ ಅವನ ಮುಖ ನೋಡಬೇಕಿತ್ತು. ಆದರೆ ಯಾರಿಗೆ ಕಳಿಸಿದ್ದು ಅನ್ನುವುದು ಫೈಲಿನ ಹೆಸರಿನಲ್ಲಿ ಇರುವುದಿಲ್ಲ. ಅದನ್ನು ಕೇಳಿಯೇ ಕಂಡುಹಿಡಿಯಬೇಕು. ಅಮ್ಮನ ವಿಷಯದಲ್ಲಿ ಅದೂ ಸುಲಭ. ಯಾವ ದೂರಿನಿಂದ ಶುರುಮಾಡುತ್ತಾಳೆ ಅನ್ನುವುದರ ಮೇಲೆ ಮೂವರಲ್ಲಿ ಯಾರು ಅಂತ ತಿಳಿಯುತ್ತದೆ. ತಡವಾಗಿ ಏಳುವುದು ತಮ್ಮ, ಫೋನ್ ಮಾಡದಿರುವುದು ನಾನು, ಕೇಳಿದ್ದಕ್ಕಿಂತ ಹೆಚ್ಚು ಸಲಹೆ ಕೊಡುವುದು ಅಕ್ಕ.

ವಾಯ್ಸ್ ಮೆಸೇಜು ಅಂದರೆ ಫೋನ್ ಕರೆಯಲ್ಲ ಅನ್ನುವುದನ್ನು ಅಮ್ಮ ಕೊನೆಯವರೆಗೂ ಪೂರ್ತಿ ಒಪ್ಪಿಕೊಳ್ಳಲಿಲ್ಲ. ಪ್ರತಿಯೊಂದೂ "ಹಲೋ... ಹಲೋ... ಕೇಳಿಸ್ತಾ ಇದೆಯಾ?" ಅಂತಲೇ ಶುರು. ಆಮೇಲೆ ಉತ್ತರಕ್ಕೆ ಕಾಯುತ್ತಾಳೆ. ಒಂದರಲ್ಲಿ ಕಾದು ಕಾದು, "ಏನೋ, ಮಾತೇ ಆಡಲ್ಲ? ಕೋಪಾನಾ?" ಅಂದು, ಇನ್ನಷ್ಟು ಕಾದು, "ಓ, ಇದು ಆ ತರದ್ದು" ಅಂತ ತನಗೆ ತಾನೇ ಹೇಳಿಕೊಂಡು ವಿಷಯಕ್ಕೆ ಬರುತ್ತಾಳೆ. ಮುಗಿಸುವಾಗ "ಸರಿ, ಇಡ್ತೀನಿ. ನೀನೂ ಇಡು" ಅನ್ನದೆ ಬಿಟ್ಟಿದ್ದಿಲ್ಲ. ಒಂದು ಮೆಸೇಜಿನಲ್ಲಂತೂ 'ಇಡ್ತೀನಿ' ಅಂದಮೇಲೂ ರೆಕಾರ್ಡಿಂಗ್ ನಿಲ್ಲದೆ, ಅವಳು ಪಕ್ಕದಲ್ಲಿದ್ದವರಿಗೆ ನನ್ನ ಬಗ್ಗೆ ಹೇಳಿದ್ದೆಲ್ಲ ಬಿದ್ದಿದೆ. "ಒಳ್ಳೇ ಹುಡುಗಾನೇ. ಆದ್ರೆ ಒಂದು ಮಾತು ಬಾಯಿಂದ ಬರಬೇಕಾದ್ರೆ ನಾವು ಮುದುಕರಾಗಿರ್ತೀವಿ." ಇದು ಅವತ್ತೇ ನನಗೆ ಬಂದಿತ್ತು. ಅವತ್ತು ನಾನು ಉತ್ತರವಾಗಿ ಕಳಿಸಿದ್ದು ಒಂದು ಹೆಬ್ಬೆರಳಿನ ಚಿತ್ರ. ಅವಳ ಮಾತನ್ನು ಸಾಬೀತು ಮಾಡಲು ಅಷ್ಟು ಸಾಕಿತ್ತು.

ಎಲ್ಲವನ್ನೂ ಕೇಳಬಹುದೇ ಅನ್ನುವ ಪ್ರಶ್ನೆಯೂ ಬಂತು. ಅವಳ ಹಳೇ ಗೆಳತಿಯ ಜೊತೆಗಿನ ಚಾಟ್ ಉದ್ದಕ್ಕಿತ್ತು. ರಾತ್ರಿ ಹತ್ತರ ಮೇಲಿನ ಮೆಸೇಜುಗಳೇ ಹೆಚ್ಚು. ಅಕ್ಕ ಕೈ ಅಡ್ಡ ಹಿಡಿದಳು. ಅಮ್ಮ ಬದುಕಿದ್ದರೆ ತಾನೇ ಫೋನು ನಮ್ಮ ಮುಂದೆ ಹಿಡಿದು ಕೇಳಿಸುತ್ತಿದ್ದಳಾ? ಇಲ್ಲ ಅನ್ನುವುದಾದರೆ ನಾವೂ ಕೇಳುವುದಿಲ್ಲ. ಈ ನಿಯಮವನ್ನು ನಾನು ಎಲ್ಲರಿಗೂ ಹೇಳುತ್ತೇನೆ. ತಾಯಿ ಅಂದಮಾತ್ರಕ್ಕೆ ಅವಳ ಎಲ್ಲ ಮಾತೂ ಮಕ್ಕಳ ಪಿತ್ರಾರ್ಜಿತವಾಗುವುದಿಲ್ಲ. ಆ ಚಾಟನ್ನು ತೆರೆಯದೆ ಹಾಗೇ ಬಿಟ್ಟೆವು. ಅಪ್ಪನಿಗೆ ಕಳಿಸಿದ್ದನ್ನು ಅಪ್ಪನೇ ಒಬ್ಬರೇ ಕೂತು ಕೇಳಿ, ಎರಡನ್ನು ಆರಿಸಿ ಕೊಟ್ಟರು. ಎರಡರಲ್ಲೂ ಅವರು ಕನ್ನಡಕ ಎಲ್ಲಿಟ್ಟಿದ್ದಾರೆ ಅಂತ ಅಮ್ಮ ಹೇಳುತ್ತಿದ್ದಾಳೆ.

ನಿಯಮಕ್ಕೆ ಸಿಕ್ಕಿಹಾಕಿಕೊಂಡದ್ದು ಒಂದೇ ಮೆಸೇಜು. ನನಗೇ ಕಳಿಸಿದ್ದು. "ಹಲೋ... ನಿನ್ನ ಚಿಕ್ಕಮ್ಮಂಗೆ ಹೇಳ್ಬೇಡ. ನನ್ನ ಹಸಿರು ಶಾಲು ಅವಳ ಹತ್ರಾನೇ ಇದೆ. ಹೋದ ಸಲ ಬಂದೋಳು ಹೊದ್ಕೊಂಡು ಹೋಗಿದ್ದು. ನಾನೇನು ಕೇಳಲ್ಲ. ಕೊಡೋ ಬುದ್ಧಿ ಅವಳಿಗಿರಬೇಕು. ಶಾಲು ದೊಡ್ಡದಲ್ಲ. ಆದ್ರೆ ಹಸಿರು." ಕೊನೆಯ ಆ ಎರಡು ಪದಗಳಲ್ಲಿ ನಮ್ಮಮ್ಮ ಪೂರ್ತಿ ಇದ್ದಾಳೆ. ಆದರೆ 'ಹೇಳ್ಬೇಡ' ಅಂದಿದ್ದಾಳಲ್ಲ? ಅಕ್ಕನ ತೀರ್ಪು ಹೀಗಿತ್ತು: "ಅಮ್ಮ ಹೇಳ್ಬೇಡ ಅಂದ್ರೆ, ಹೇಳು, ಆದ್ರೆ ನಾನು ಹೇಳ್ದೆ ಅಂತ ಹೇಳ್ಬೇಡ ಅಂತ." ಮೆಸೇಜು ಪಟ್ಟಿಗೆ ಸೇರಿತು.

ಕ್ಯಾಸೆಟ್ಟುಗಳದ್ದು ಬೇರೆಯೇ ಕಥೆ. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಈ ಪುಟ್ಟ ಡಬ್ಬಿಯೊಳಗಿನ ಟೇಪು ನಾಲ್ಕು ಮಿಲಿಮೀಟರಿಗಿಂತಲೂ ಕಡಿಮೆ ಅಗಲ. ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡುತ್ತದೆ. ವರ್ಷಗಟ್ಟಲೆ ಮುಟ್ಟದ ಟೇಪನ್ನು ನೇರವಾಗಿ ಹಾಕಬಾರದು. ಸುರುಳಿಯ ಪದರಗಳು ಒಂದಕ್ಕೊಂದು ಹಿಡಿದಿರುತ್ತವೆ. ಮೊದಲು ಪೆನ್ಸಿಲ್ ತೂರಿಸಿ ನಿಧಾನವಾಗಿ ಸ್ವಲ್ಪ ಸುತ್ತಿ, ಆಮೇಲೆ ಪ್ಲೇಯರಿನಲ್ಲಿ ಪೂರ್ತಿ ಮುಂದಕ್ಕೂ ಹಿಂದಕ್ಕೂ ಓಡಿಸಿ, ಆಮೇಲಷ್ಟೇ ಕೇಳಬೇಕು. ದನಿ ಮಂಕಾಗಿ ಕೇಳಿದರೆ ಟೇಪನ್ನು ಪ್ಲೇಯರಿನ ಹೆಡ್ಡಿಗೆ, ಅಂದರೆ ದನಿ ಓದುವ ಭಾಗಕ್ಕೆ, ಒತ್ತಿ ಹಿಡಿಯುವ ಸಣ್ಣ ಮೆತ್ತೆ ಅಂಟು ಬಿಟ್ಟು ಬಿದ್ದಿರುವ ಸಾಧ್ಯತೆಯೇ ಹೆಚ್ಚು. ನಮ್ಮಲ್ಲಿ ಒಂದಕ್ಕೆ ಹಾಗಾಗಿತ್ತು. ಸ್ಕ್ರೂ ಬಿಚ್ಚಿ ಟೇಪನ್ನು ಬೇರೆ ಡಬ್ಬಿಗೆ ವರ್ಗಾಯಿಸಿದ ಮೇಲೆ ಸರಿಹೋಯಿತು. ಸ್ಕ್ರೂ ಇಲ್ಲದೆ ಅಂಟಿಸಿಯೇ ಬಿಟ್ಟಿರುವ ಡಬ್ಬಿಗಳೂ ಇರುತ್ತವೆ. ಅವನ್ನು ತೆರೆಯುವ ಸಾಹಸ ಕೈ ಪಳಗಿದವರಿಗೆ ಬಿಡುವುದೇ ಒಳ್ಳೆಯದು.

ಕ್ಯಾಸೆಟ್ಟಿನ ಹಿಂಬದಿಯ ಎರಡು ಚಿಕ್ಕ ಹಲ್ಲುಗಳನ್ನು ಮುರಿದರೆ ಅದರ ಮೇಲೆ ಮತ್ತೆ ರೆಕಾರ್ಡ್ ಮಾಡಲು ಬರುವುದಿಲ್ಲ. ಆ ಜಾಗಕ್ಕೆ ಅಂಟುಪಟ್ಟಿ ಹಚ್ಚಿದರೆ ಮತ್ತೆ ಬರುತ್ತದೆ. ಅಮ್ಮ ಎರಡನ್ನೂ ಮಾಡಿದ್ದಳು. ಮೇಲೆ 'ಮಕ್ಕಳದು, ಅಳಿಸಬಾರದು' ಅಂತ ಬರೆದು, ಹಲ್ಲು ಮುರಿದು, ಕೆಲವು ಕಾಲದ ಮೇಲೆ ಅಂಟುಪಟ್ಟಿ ಹಚ್ಚಿ ರೇಡಿಯೋ ಹಾಡು ತುಂಬಿಸಿಕೊಂಡಿದ್ದಳು. ಹಾಗಾಗಿ ಆ ಟೇಪಿನಲ್ಲಿ ಮೂರನೇ ಕ್ಲಾಸಿನ ಅಕ್ಕ ಪದ್ಯ ಹೇಳುತ್ತಿರುವಾಗಲೇ ಥಟ್ಟನೆ ತಬಲಾ ಶುರುವಾಗುತ್ತದೆ, ಹಾಡು ಚರಣಕ್ಕೆ ಬರುವಷ್ಟರಲ್ಲಿ ಅಮ್ಮ ದೂರದಿಂದ "ಆ ಬಾಗಿಲು ಹಾಕ್ರೋ, ರೆಕಾರ್ಡ್ ಆಗ್ತಾ ಇದೆ!" ಅಂತ ಕೂಗುತ್ತಾಳೆ. ಆ ಕೂಗೂ ರೆಕಾರ್ಡ್ ಆಗಿದೆ. ಬಾಗಿಲು ಹಾಕಿದ ಸದ್ದು ಮಾತ್ರ ಎಲ್ಲೂ ಇಲ್ಲ.

ನಮಗೆ ಪದ್ಯ ಹೇಳಿಸುವಾಗಲೂ ಅವಳು ಹಿಂದೆಯೇ ಇದ್ದಾಳೆ. "ಜೋರಾಗಿ... ಉಸಿರು ತಗೋ... ಮೂಗು ಒರೆಸ್ಕೋ." ಮಕ್ಕಳ ದನಿ ಕಾಪಾಡಬೇಕು ಅಂತ ಅವಳು ಹಿಡಿದಿಟ್ಟ ಟೇಪುಗಳಲ್ಲಿ ಈಗ ನಾವು ಹುಡುಕಿದ್ದು ಮಕ್ಕಳ ಸಾಲುಗಳ ನಡುವೆ ಇಣುಕಿದ ಆ ಸೂಚನೆಗಳನ್ನು. ನಮ್ಮ ಪದ್ಯವನ್ನು ನಾವೇ ಕತ್ತರಿಸಿ ಎಸೆದೆವು.

ಟೇಪನ್ನು ಕಂಪ್ಯೂಟರಿಗೆ ಇಳಿಸುವುದಕ್ಕೆ ಅಡ್ಡದಾರಿಯಿಲ್ಲ. ಒಂದು ಬದಿ ಮೂವತ್ತು ನಿಮಿಷವಿದ್ದರೆ ಮೂವತ್ತು ನಿಮಿಷವೂ ಓಡಿಸಬೇಕು. ನಾನು ಬಳಸಿದ್ದು ಉಚಿತವಾಗಿ ಸಿಗುವ ಅಡಾಸಿಟಿ ತಂತ್ರಾಂಶ. ಮೂಲ ಪ್ರತಿಯನ್ನು ಕುಗ್ಗಿಸದ ವೇವ್ ರೂಪದಲ್ಲಿ ಇಟ್ಟುಕೊಂಡು, ಹಂಚಲು ಎಂಪಿ3 ಮಾಡಿದರೆ ಸಾಕು. ದನಿಯ ಮಟ್ಟ ತೋರಿಸುವ ಪಟ್ಟಿ ಕೆಂಪು ಮುಟ್ಟದ ಹಾಗೆ ಮೊದಲೇ ಹೊಂದಿಸಿಕೊಳ್ಳಬೇಕು, ಕೆಂಪಾದರೆ ದನಿ ಒಡೆಯುತ್ತದೆ, ಆಮೇಲೆ ಸರಿಮಾಡಲಾಗದು. ಅಕ್ಕನ ಪದ್ಯಕ್ಕೆ ಹೊಂದಿಸಿದ ಮಟ್ಟ ಅಮ್ಮನ ಒಂದೇ "ಜೋರಾಗಿ"ಗೆ ಕೆಂಪಾಯಿತು. ಕೊನೆಗೆ ಎಲ್ಲವನ್ನೂ ಅಮ್ಮನ ಗಂಟಲಿಗೆ ತಕ್ಕ ಹಾಗೆ ತಗ್ಗಿಸಿದೆ. ಮನೆಯಲ್ಲೂ ಹಾಗೇ ನಡೆಯುತ್ತಿದ್ದದ್ದು.

ಇನ್ನು ಟೇಪಿನ ಸುಯ್ಯೆನ್ನುವ ಸದ್ದು. ಅದನ್ನು ತೆಗೆಯಲು ಒಂದು ವಿಧಾನವಿದೆ. ಯಾರ ಮಾತೂ ಇಲ್ಲದ, ಬರೀ ಸದ್ದಿರುವ ಒಂದು ತುಣುಕನ್ನು ತಂತ್ರಾಂಶಕ್ಕೆ ಮಾದರಿಯಾಗಿ ತೋರಿಸಬೇಕು. ಅದನ್ನು ಅಳೆದುಕೊಂಡು ಉಳಿದ ಭಾಗದಿಂದ ಅಂಥ ಸದ್ದನ್ನು ತಗ್ಗಿಸುತ್ತದೆ. ಯಾರೂ ಮಾತಾಡದ ಒಂದೆರಡು ಸೆಕೆಂಡು ಸಿಕ್ಕಿದರೂ ಸಾಕು. ಚಿಕ್ಕಪ್ಪನ ಪುಟದ ಪ್ರಕಾರ ಮಿತಭಾಷಿಯಾಗಿದ್ದ ನಮ್ಮಮ್ಮನ ಆ ಟೇಪಿನಲ್ಲಿ ಅಷ್ಟೂ ಸಿಗಲಿಲ್ಲ. ಬೇರೆ ಕ್ಯಾಸೆಟ್ಟಿನ ಖಾಲಿ ಭಾಗ ತೋರಿಸಿ ನೋಡಿದೆ. ಸದ್ದು ಹೋಯಿತು, ಜೊತೆಗೆ ಅವಳ ದನಿಯ ಒರಟೂ ಹೋಗಿ ನೀರಿನೊಳಗಿಂದ ಮಾತಾಡಿದಂತೆ ಕೇಳಿಸಿತು. ಅದು ಚಿಕ್ಕಪ್ಪ ಬರೆದ ಅಮ್ಮ. ಎಲ್ಲ ರದ್ದು ಮಾಡಿ ಸುಯ್ಯನ್ನು ವಾಪಸು ತಂದೆ.

ಈ ನಡುವೆ ತಮ್ಮ ದುಃಖದ ಐದು ಹಂತಗಳನ್ನು ಓದಿಕೊಂಡು ಬಂದು, ಮನೆಯಲ್ಲಿ ಯಾರು ಯಾವ ಹಂತದಲ್ಲಿದ್ದಾರೆ ಅಂತ ಲೆಕ್ಕ ಹಾಕುತ್ತಿದ್ದ. ಮನೋವೈದ್ಯೆ ಎಲಿಸಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಆ ಹಂತಗಳನ್ನು ಮೊದಲು ಹೇಳಿದ್ದು ಸಾವಿನ ಎದುರಿಗಿದ್ದ ರೋಗಿಗಳ ಬಗ್ಗೆ, ಉಳಿದವರ ಬಗ್ಗೆ ಅಲ್ಲ. ಎಲ್ಲರೂ ಅದೇ ಕ್ರಮದಲ್ಲಿ ಹಂತ ಹತ್ತುತ್ತಾರೆ ಅನ್ನುವುದಕ್ಕೂ ಗಟ್ಟಿ ಆಧಾರವಿಲ್ಲ. ನನಗೆ ಅದಕ್ಕಿಂತ ಹಿಡಿಸಿದ್ದು ಮನಶ್ಶಾಸ್ತ್ರಜ್ಞರಾದ ಡ್ಯಾಕರ್ ಕೆಲ್ಟ್‌ನರ್ ಮತ್ತು ಜಾರ್ಜ್ ಬೊನಾನೊ 1997ರಲ್ಲಿ ಪ್ರಕಟಿಸಿದ ಅಧ್ಯಯನ. ಸಂಗಾತಿ ತೀರಿಕೊಂಡು ಆರು ತಿಂಗಳ ಸುಮಾರಿಗೆ ಜನರನ್ನು ಕೂರಿಸಿ, ಹೋದವರ ಬಗ್ಗೆ ಮಾತಾಡಿಸಿ, ಅವರ ಮುಖಭಾವವನ್ನು ಗಮನಿಸಿದರು. ಕಣ್ಣಿನ ಸುತ್ತಲ ಸ್ನಾಯುಗಳೂ ಸೇರಿ ನಕ್ಕರೆ ಅದು ಬರೀ ತುಟಿಯ ನಗುವಲ್ಲ. ಫ್ರಾನ್ಸಿನ ವೈದ್ಯ ಡುಶೆನ್ 19ನೇ ಶತಮಾನದಲ್ಲೇ ಗುರುತಿಸಿದ್ದ ವ್ಯತ್ಯಾಸ ಅದು. ಹಾಗೆ ಮನಸಾರೆ ನಕ್ಕವರಲ್ಲಿ ಸಂಕಟ ಕಡಿಮೆ ಕಂಡಿತು. ನಕ್ಕದ್ದರಿಂದ ಸಂಕಟ ಇಳಿಯಿತೋ, ಸಂಕಟ ಇಳಿದಿದ್ದಕ್ಕೆ ನಗು ಬಂತೋ, ಅದನ್ನು ಇಷ್ಟರಿಂದಲೇ ಹೇಳಲಾಗದು. ನಮಗೆ ಅದರ ಇತ್ಯರ್ಥವೂ ಬೇಕಿರಲಿಲ್ಲ. ಅಮ್ಮನನ್ನು ನೆನೆದು ನಗುವುದು ಅಗೌರವವೇ ಅಂತ ಅಪ್ಪನಿಗೊಂದು ಅಳುಕಿತ್ತು. ಅದಕ್ಕೆ ಅಡ್ಡ ಹಿಡಿಯಲು ಒಂದು ಕಾಗದ ಸಿಕ್ಕಿತಷ್ಟೇ.

ಆಡಿಯೋ ನಡುನಡುವೆ ನಾವೂ ಒಂದೊಂದು ಪ್ರಸಂಗ ಹೇಳಬೇಕು ಅಂತಾಯಿತು. ಜಗಳ ಶುರುವಾದದ್ದು ಅಲ್ಲಿಂದ. ಶಾಲೆಯಲ್ಲಿ ಪೋಷಕರ ಸಭೆ. ಮೇಷ್ಟ್ರು ದೀರ್ಘವಾಗಿ ಮಾತಾಡುತ್ತಿದ್ದಾರೆ, ಅಮ್ಮ ಕೂತಲ್ಲೇ ತೂಕಡಿಸುತ್ತಿದ್ದಾಳೆ. "ನೀವೇನಾದರೂ ಹೇಳ್ತೀರಾ?" ಅಂತ ಮೇಷ್ಟ್ರು ಕೇಳಿದರೆ ಗಾಬರಿಯಿಂದ ಎದ್ದವಳೇ, "ನನ್ನ ಕಡೆಯಿಂದ ಎರಡು ಬಿಗೀರಿ ಸಾರ್!" ಅಂದಳು. ಅಷ್ಟು ಹೊತ್ತೂ ಅವರು ಹುಡುಗನನ್ನು ಹೊಗಳುತ್ತಿದ್ದರು. ಆ ಮಗು ತಾನೇ ಅಂತ ನಾವು ಮೂವರೂ ಹಟ ಹಿಡಿದೆವು. ಮೂವರಿಗೂ ಮೇಷ್ಟ್ರ ಮುಖ ಕಣ್ಣಿಗೆ ಕಟ್ಟಿದೆ. ಅಕ್ಕನಂತೂ, "ಹುಡುಗ ಅಲ್ಲ, ಹುಡುಗಿ" ಅಂತ ಕಥೆಯನ್ನೇ ತಿದ್ದಿದಳು. ಒಂದೇ ಘಟನೆ ತನಗೇ ಆದದ್ದು ಅಂತ ಇಬ್ಬರೂ ಪ್ರಾಮಾಣಿಕವಾಗಿ ನಂಬುವುದನ್ನು ಅವಳಿಗಳಲ್ಲಿ ಗಮನಿಸಿ 2001ರಲ್ಲಿ ಒಂದು ಸಂಶೋಧನಾ ಲೇಖನವೇ ಬಂದಿದೆ. ಮೂವರ ಬಗ್ಗೆ ಬರೆಯುವವರು ನಮ್ಮ ಮನೆಗೆ ಬರಬಹುದು.

ವಿಚಾರಣೆ ಅಪ್ಪನ ಮುಂದೆ ಹೋಯಿತು. ಅವರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಹೇಳಿದರು: "ನೀವು ಮೂವರೂ ಅಲ್ಲ. ಪಕ್ಕದ ಮನೆ ಹುಡುಗ. ಅವರಮ್ಮಂಗೆ ಹುಷಾರಿರಲಿಲ್ಲ, ಇವಳು ಹೋಗಿದ್ಲು. ನಿಮ್ಮನ್ನ ಯಾವ ಮೇಷ್ಟ್ರು ಅಷ್ಟೊತ್ತು ಹೊಗಳಿದ್ರು?"

ಎಲ್ಲರೂ ಸೇರಿದ ದಿನ ಮೊದಲ "ಹಲೋ"ಗೆ ಯಾರೂ ಉಸಿರೆತ್ತಲಿಲ್ಲ. ಅಕ್ಕನ ಬೆರಳುಗಳು ನನ್ನ ಮೊಣಕೈಯನ್ನು ಹಿಡಿದಿದ್ದವು, ನೋಯುತ್ತಿತ್ತು. "ಏನೋ, ಮಾತೇ ಆಡಲ್ಲ?" ಅಂತ ಅಮ್ಮ ಕೇಳಿದ ಕೂಡಲೇ ಹಿಂದಿನ ಸಾಲಿನಿಂದ ಯಾರೋ "ಆಡ್ತೀವಿ ಹೇಳು" ಅಂದರು. ಅಲ್ಲಿಂದ ಮುಂದೆ ಆಡಿಯೋ ಅರ್ಧ ಕೇಳಿಸಲೇ ಇಲ್ಲ, ಅಷ್ಟು ಗಲಾಟೆ. ಒಬ್ಬೊಬ್ಬರೂ ತಮ್ಮ ಫೋನು ತೆಗೆದು, ತಮಗೆ ಬಂದ ಬೈಗುಳವೇ ಇದಕ್ಕಿಂತ ಚೆನ್ನಾಗಿದೆ ಅಂತ ಕೇಳಿಸತೊಡಗಿದರು. ಚಿಕ್ಕಪ್ಪ ತಮ್ಮ ಪುಟವನ್ನು ಜೇಬಿನಿಂದ ತೆಗೆದು, ನೋಡಿ, ಮತ್ತೆ ಜೇಬಿಗಿಟ್ಟರು. ಅವರ ಫೋನಿನಲ್ಲೂ ಒಂದು ಇತ್ತು, ಎಲ್ಲಕ್ಕಿಂತ ಖಾರದ್ದು.

ಶಾಲಿನ ಮೆಸೇಜು ಬಂದಾಗ ಚಿಕ್ಕಮ್ಮ ನಗಲಿಲ್ಲ. ಎದ್ದು ಹೊರಗೆ ಹೋದರು. ಅಕ್ಕನೂ ನಾನೂ ಮುಖ ಮುಖ ನೋಡಿಕೊಂಡು ಹಿಂದೆಯೇ ಓಡಿದೆವು. ಅವರು ಕಟ್ಟೆಯ ಮೇಲೆ ಕೂತು ಫೋನು ಬಾಯಿಗೆ ಹಿಡಿದು ಮಾತಾಡುತ್ತಿದ್ದರು. ನಮ್ಮನ್ನು ಕಂಡು ಕೈಯಿಂದಲೇ ತಡೆದರು, ಮುಗಿಸುವವರೆಗೂ ನಿಲ್ಲಿ ಅಂತ. ಸ್ವಲ್ಪ ಹೊತ್ತಿಗೆ ಅದು ನನ್ನ ಫೋನಿಗೆ ಬಂತು. "ಅಕ್ಕಾ, ಆ ಶಾಲು ನಾನು ತಗೊಂಡು ಹೋಗಿದ್ದಲ್ಲ. ಗಾಳಿ ಇದೆ ಅಂತ ನೀನೇ ಹೊದಿಸಿದ್ದು. ಬೇಡ ಬೇಡ ಅಂದ್ರೂ ಮೇಲೊಂದು ಪಿನ್ನೂ ಚುಚ್ಚಿದ್ದೆ. ಪಿನ್ನು ವಾಪಸ್ ಕೊಟ್ಟಿದ್ದೀನಿ, ಜ್ಞಾಪಕ ಇದೆಯಾ ಇಲ್ವಾ? ಮಕ್ಕಳ ಹತ್ರ ಹಿಂಗೆಲ್ಲ ಹೇಳ್ತಾರಾ..." ಹೀಗೆ ಸಾಗಿ, ನಡುವೆ ಎರಡು ಸಲ ಮೂಗು ಒರೆಸಿಕೊಂಡು, ಇಬ್ಬರೂ ಲಂಗ ತೊಡುತ್ತಿದ್ದ ಕಾಲದ ಒಂದು ಬಳಪದ ಡಬ್ಬಿಯ ವ್ಯಾಜ್ಯದವರೆಗೂ ಹೋಗುತ್ತದೆ. ಅಮ್ಮನ ಆರೋಪಕ್ಕಿಂತ ನಾಲ್ಕು ಪಟ್ಟು ಉದ್ದ.

ಅದನ್ನೂ ಫೋಲ್ಡರಿಗೆ ಸೇರಿಸಿ, ಅಮ್ಮನ ಮೆಸೇಜಿನ ಕೆಳಗೇ ಇಟ್ಟಿದ್ದೇನೆ. ಶಾಲು ಇನ್ನೂ ಚಿಕ್ಕಮ್ಮನ ಹತ್ತಿರವೇ ಇದೆ.